ಭಾವಂಗೆ ಎಕ್ಮೋ ಹಾಕ್ಬೇಕು ಅಂತಿದಾರೆ, ರಾತ್ರಿ ಒಳಗೆ ಹೇಳ್ಬೇಕಂತೆ, ಗೊತ್ತಿರೋರು ದಯವಿಟ್ಟು ಹೇಳಿ

ಕಾಫಿತೋಟ_ಹಾಸನ

ಎಲ್ಲರಿಗೂ ನಮಸ್ಕಾರ. ಐಸಿಯು ಹೊರಗಡೆ ಮೆಟ್ಲ ಮೇಲೆ ಕೂತ್ಕೊಂಡು ಫೋನಲ್ಲಿ ಬರೀತಿದೀನಿ, ತಪ್ಪಿದ್ರೆ ಹೊಂದ್ಕೊಳ್ಳಿ. ನಮ್ಮ ಭಾವಂಗೆ 41 ವರ್ಷ, ಸಕಲೇಶಪುರದ ಹತ್ರ ತೋಟ ನೋಡ್ಕೊಂಡಿರೋರು, ಬಿಪಿ ಶುಗರ್ ಏನಿಲ್ಲ, ಬೀಡಿ ಸಿಗರೇಟು ಮುಟ್ಟಿದವರಲ್ಲ. ಹತ್ತು ದಿನದ ಹಿಂದೆ ಜ್ವರ ಮೈಕೈ ನೋವು ಅಂತ ಶುರುವಾಯ್ತು, ಮಳೆಗಾಲ ಅಲ್ವಾ ಎಲ್ಲರಿಗೂ ಬರೋದೇ ಅಂತ ಮಾತ್ರೆ ನುಂಗ್ಕೊಂಡು ತೋಟಕ್ಕೂ ಹೋಗಿದಾರೆ, ಐದನೇ ದಿನಕ್ಕೆ ಬಚ್ಚಲಿಂದ ಹಾಸಿಗೆಗೆ ಬರೋಷ್ಟ್ರಲ್ಲಿ ಏದುಸಿರು. ಹಾಸನದಲ್ಲಿ ಮೊದ್ಲು ಇಲಿ ಜ್ವರ ಇರ್ಬೋದು ಅಂದ್ರು, ಟೆಸ್ಟ್ ಮಾಡಿದ್ರೆ ಎಚ್1ಎನ್1 ಬಂತು, ಎರಡೂ ಕಡೆ ನ್ಯುಮೋನಿಯಾ. ಬೆಂಗಳೂರಿಗೆ ಕರ್ಕೊಂಡು ಬಂದ್ವಿ. ಇವತ್ತಿಗೆ ವೆಂಟಿಲೇಟರ್ ಹಾಕಿ ನಾಲ್ಕನೇ ದಿನ.

ಸಂಜೆ ಡಾಕ್ಟ್ರು ನನ್ನೂ ಅಕ್ಕನ್ನೂ ಕೂರ್ಸ್ಕೊಂಡು, ಆಕ್ಸಿಜನ್ ನೂರಕ್ಕೆ ನೂರು ಕೊಟ್ರೂ ಎಬಿಜೀಲಿ, ಅಂದ್ರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡೋ ಟೆಸ್ಟಲ್ಲಿ, 68 ಬರ್ತಿದೆ, ಎಕ್ಮೋ ಅಂತ ಒಂದು ಮಷೀನ್ ಇದೆ, ಹಾಕೋದಿದ್ರೆ ತಡ ಮಾಡೋ ಹಾಗಿಲ್ಲ, ನಮ್ಮಲ್ಲಿ ಅದಿಲ್ಲ, ಬೇರೆ ಆಸ್ಪತ್ರೆಗೆ ಶಿಫ್ಟ್ ಮಾಡ್ಬೇಕು, ರಾತ್ರಿ ಒಳಗೆ ಮನೆಯವರೆಲ್ಲ ಮಾತಾಡ್ಕೊಂಡು ಹೇಳಿ ಅಂದ್ರು. ಆ ಇನ್ನೊಂದು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ್ರೆ ಮೊದ್ಲು ಆರು ಲಕ್ಷ ಕಟ್ಬೇಕು, ಆಮೇಲೆ ದಿನಕ್ಕೆ ಒಂದು ಒಂದೂಕಾಲು ಲಕ್ಷ ಆಗ್ಬೋದು, ಎಷ್ಟು ದಿನ ಅಂತ ಹೇಳಕ್ಕಾಗಲ್ಲ ಅಂತಾರೆ. ಇನ್ಶೂರೆನ್ಸ್ ಇರೋದು ಐದು ಲಕ್ಷದ್ದು, ಅದರಲ್ಲಿ ಮೂರು ಆಗ್ಲೇ ಮುಗಿದಿದೆ.

ಅಕ್ಕ ತೋಟ ಮಾರಿಯಾದ್ರೂ ಮಾಡ್ಸು ಅಂತಾಳೆ. ದೊಡ್ಡಪ್ಪ ಫೋನಲ್ಲಿ, ಅದೆಲ್ಲ ಕೊನೇಲಿ ಹಾಕೋ ಮಷೀನು ಕಣೋ, ಜಯಲಲಿತಾಗೂ ಹಾಕಿದ್ರು, ಎಸ್‌ಪಿಬಿಗೂ ಹಾಕಿದ್ರು, ಇಬ್ಬರೂ ಉಳೀಲಿಲ್ಲ, ಮಕ್ಕಳಿಗೆ ಏನಾದ್ರೂ ಉಳಿಸ್ಬೇಕಲ್ಲ ಅಂತಾರೆ. ನಂಗೆ ಇಬ್ಬರ ಮಾತೂ ಸರಿ ಅನ್ಸತ್ತೆ, ಅದಕ್ಕೇ ತಲೆ ಓಡ್ತಿಲ್ಲ. ಇದು ನಿಜವಾಗ್ಲೂ ಏನ್ ಮಾಡತ್ತೆ, ಎಂಥವರಿಗೆ ಉಪಯೋಗ ಆಗತ್ತೆ, ಡಾಕ್ಟ್ರ ಹತ್ರ ನಾನು ಏನ್ ಕೇಳ್ಬೇಕು, ಯಾರಾದ್ರೂ ನೋಡಿರೋರು ಹೇಳಿ.

ಪಂಪ್_ಪಕ್ಕ

ಮೊದ್ಲು ಏನಾದ್ರೂ ತಿನ್ನಿ, ನೀವೂ ನಿಮ್ಮಕ್ಕನೂ. ನಾನು ಪರ್ಫ್ಯೂಷನಿಸ್ಟ್, ಅಂದ್ರೆ ಹಾರ್ಟ್ ಆಪರೇಷನ್ ಟೈಮಲ್ಲಿ ಹಾರ್ಟ್ ಲಂಗ್ ಮಷೀನ್ ನಡ್ಸೋನು, 11 ವರ್ಷದಿಂದ ಬೆಂಗಳೂರಲ್ಲಿ ಇದೇ ಕೆಲ್ಸ, ಎಕ್ಮೋ ಪಕ್ಕದಲ್ಲಿ ರಾತ್ರಿ ಕಾದಿದ್ದಕ್ಕೆ ಲೆಕ್ಕ ಇಲ್ಲ. ಡಾಕ್ಟರ್ ಅಲ್ಲ, ಹಾಗಾಗಿ ಹಾಕ್ಸಿ ಬಿಡಿ ಅಂತ ಹೇಳೋ ಅಧಿಕಾರ ನಂಗಿಲ್ಲ, ಮಷೀನ್ ಬಗ್ಗೆ ಹೇಳ್ತೀನಿ.

ನಿಮ್ಮ ಭಾವಂಗೆ ಹಾಕೋದು ಶ್ವಾಸಕೋಶಕ್ಕೆ ಮಾತ್ರ ಸಹಾಯ ಮಾಡೋ ಥರದ್ದು, ವಿವಿ ಅಂತೀವಿ. ತೊಡೆಸಂದಿನ ದೊಡ್ಡ ವೇನ್‌ಗೆ ಒಂದು ದಪ್ಪ ಪೈಪು, ಸುಮಾರು ನಮ್ಮ ಕಿರುಬೆರಳಿನಷ್ಟು ದಪ್ಪ ಅನ್ಕೊಳ್ಳಿ, ಅದರಿಂದ ರಕ್ತ ಹೊರಗೆ ಬರತ್ತೆ. ಪಂಪು ಅದನ್ನ ಆಕ್ಸಿಜನೇಟರ್ ಒಳಗೆ ತಳ್ಳತ್ತೆ. ಅದರೊಳಗೆ ಕೂದಲೆಳೆ ಥರದ ಟೊಳ್ಳು ನಾಳಗಳು ಸಾವಿರಾರು ಇರತ್ತೆ, ನಾಳದ ಒಳಗೆ ಆಕ್ಸಿಜನ್, ಹೊರಗೆ ರಕ್ತ, ಎರಡೂ ಬೆರೆಯಲ್ಲ, ಗೋಡೆ ಮೂಲಕ ಆಕ್ಸಿಜನ್ ರಕ್ತಕ್ಕೆ ಹೋಗತ್ತೆ, ಕಾರ್ಬನ್ ಡೈಆಕ್ಸೈಡ್ ಈಚೆಗೆ ಬರತ್ತೆ. ಅಲ್ಲಿಂದ ಕುತ್ತಿಗೆಯ ವೇನ್‌ಗೆ ವಾಪಸ್. ನಿಮಿಷಕ್ಕೆ ನಾಲ್ಕರಿಂದ ಐದು ಲೀಟರ್, ಅಂದ್ರೆ ಮೈಯಲ್ಲಿರೋ ಅಷ್ಟೂ ರಕ್ತ ಒಂದೊಂದು ನಿಮಿಷಕ್ಕೆ ಹೆಚ್ಚುಕಮ್ಮಿ ಒಂದು ಸುತ್ತು ಹೊರಗೆ ಬಂದು ಹೋಗತ್ತೆ. ನೀವು ಒಳಗೆ ಹೋದಾಗ ಎರಡು ಪೈಪ್ ಬಣ್ಣ ನೋಡಿ, ಹೊರಗೆ ಬರೋದು ನೇರಳೆ ಹಣ್ಣಿನ ರಸದ ಥರ ಕಪ್ಪು ಕೆಂಪು, ಒಳಗೆ ಹೋಗೋದು ಕುಂಕುಮದ ಕೆಂಪು. ಎರಡೂ ಒಂದೇ ಬಣ್ಣ ಕಾಣೋಕೆ ಶುರುವಾದ್ರೆ ನಮಗೆ ಗಾಬರಿ ಅಲ್ಲೇ ಶುರು.

ಇಷ್ಟು ಮಾಡೋ ಮಷೀನು ನ್ಯುಮೋನಿಯಾ ವಾಸಿ ಮಾಡಲ್ಲ. ಇದನ್ನ ಮನಸ್ಸಲ್ಲಿ ಗಟ್ಟಿ ಇಟ್ಕೊಳ್ಳಿ. ವೆಂಟಿಲೇಟರ್ ಜೋರಾಗಿ ಗಾಳಿ ನೂಕಿ ನೂಕಿ ಮೊದಲೇ ಗಾಯ ಆಗಿರೋ ಶ್ವಾಸಕೋಶಕ್ಕೆ ಇನ್ನಷ್ಟು ಗಾಯ ಮಾಡತ್ತೆ, ಎಕ್ಮೋ ಮೇಲಿದ್ರೆ ಆ ಒತ್ತಡನ ಸಾಕಷ್ಟು ಇಳಿಸಿ ಶ್ವಾಸಕೋಶನ ಸುಮ್ನೆ ಮಲಗಿಸ್ಬೋದು, ನಿಮಿಷಕ್ಕೆ ಹತ್ತು ಸಲ ಮೆಲ್ಲಗೆ ಗಾಳಿ ಆಡಿದ್ರೆ ಸಾಕು. ವಾಸಿ ಆಗ್ಬೇಕಿರೋದು ಅವರ ಮೈಯಿಂದಲೇ.

ಇನ್ನು ತೊಂದರೆಗಳು. ರಕ್ತ ಪ್ಲಾಸ್ಟಿಕ್ ಮುಟ್ಟಿದ ತಕ್ಷಣ ಹೆಪ್ಪುಗಟ್ಟೋಕೆ ನೋಡತ್ತೆ, ಅದಕ್ಕೆ ಹೆಪಾರಿನ್ ಕೊಡ್ತೀವಿ, ಹೆಪಾರಿನ್ ಜಾಸ್ತಿ ಆದ್ರೆ ಮೂಗಲ್ಲಿ, ಹೊಟ್ಟೇಲಿ, ಕೆಲವು ಸಲ ಮೆದುಳಲ್ಲಿ ರಕ್ತಸ್ರಾವ, ಕಮ್ಮಿ ಆದ್ರೆ ಆಕ್ಸಿಜನೇಟರ್ ಒಳಗೆ ಗಡ್ಡೆ. ದಿನವಿಡೀ ನಮ್ಮದು ಇದೇ ತೂಗಾಟ. ಕೈಯಲ್ಲಿ ಟಾರ್ಚ್ ಹಿಡ್ಕೊಂಡು ಆಕ್ಸಿಜನೇಟರ್‌ನ ಮೂಲೆ ಮೂಲೆಗೂ ಬೆಳಕು ಬಿಟ್ಟು ನೋಡ್ತಾ ಇರ್ತೀವಿ, ಎಲ್ಲಾದ್ರೂ ಕಪ್ಪು ಚುಕ್ಕೆ, ಬಿಳಿ ಎಳೆ ಕಂಡ್ರೆ ಬರೆದಿಡ್ತೀವಿ, ಮುಂದಿನ ಸಲ ದೊಡ್ಡದಾಗಿದ್ಯಾ ನೋಡ್ತೀವಿ. ಕೆಲವು ಸಲ ಪೈಪು ಗಡಗಡ ನಡುಗೋಕೆ ಶುರು ಮಾಡತ್ತೆ, ಮೈಯಲ್ಲಿ ನೀರಿನಂಶ ಕಮ್ಮಿಯಾಗಿ ಪಂಪು ಎಳೆದಷ್ಟು ರಕ್ತ ಸಿಗ್ತಿಲ್ಲ ಅಂತ, ಅಥವಾ ಪೇಷೆಂಟ್ ಕೆಮ್ಮಿದಾಗ. ಮನೆಯವರು ನೋಡಿದ್ರೆ ಹೆದರ್ಕೋತಾರೆ, ಅದಕ್ಕೆ ಮೊದಲೇ ಹೇಳ್ತಿದೀನಿ. ಕರೆಂಟ್ ಹೋದ್ರೆ ಬ್ಯಾಟರಿ ಇದೆ, ಅದೂ ಕೈಕೊಟ್ರೆ ಕೈಯಲ್ಲಿ ತಿರುಗಿಸೋ ಹ್ಯಾಂಡಲ್ ಇದೆ.

ನೀವು ಹೋಗೋ ಆಸ್ಪತ್ರೇಲಿ ಮೊದ್ಲು ಕೇಳ್ಬೇಕಾದ್ದು, ವರ್ಷಕ್ಕೆ ಎಷ್ಟು ದೊಡ್ಡವರಿಗೆ ಹಾಕ್ತಾರೆ, ರಾತ್ರಿ ಎರಡು ಗಂಟೆಗೆ ಮಷೀನ್ ಪಕ್ಕ ಯಾರಿರ್ತಾರೆ ಅಂತ. ಬೋರ್ಡಲ್ಲಿ ಎಕ್ಮೋ ಇದೆ ಅಂತ ಬರೆದಿರೋ ಕಡೆಯೆಲ್ಲ ರಾತ್ರಿ ಪಕ್ಕದಲ್ಲಿ ಕೂರೋರು ಇರಲ್ಲ. ಮಕಾಡೆ ಮಲಗಿಸಿ ನೋಡಿದ್ರಾ? ಅದನ್ನೂ ಕೇಳಿ.

ಹುಬ್ಬಳ್ಳಿ_ಅಣ್ಣ

ನಾ ಒಂದ್ ಮಾತ್ ಹೇಳ್ತೀನಿ ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಮ್ಮ ಕಾಕಾಗ ಕೊರೋನಾದಾಗ ಎಕ್ಮೋ ಹಾಕಿದ್ರು, 23 ದಿವ್ಸ, ಮನಿ ಮ್ಯಾಲ ಸಾಲ, ಹೊಲ ಅಡಾ ಇಟ್ವಿ, ಕಾಕಾ ಉಳೀಲಿಲ್ಲ. ದಿನಾ ಹೋಗಿ ಕೇಳಿದ್ರ ಸ್ಟೇಬಲ್ ಅದಾರ ಸ್ಟೇಬಲ್ ಅದಾರ ಅನ್ನಾವ್ರು, 23ನೇ ದಿವ್ಸ ಹೋದ್ರು ಅಂದ್ರು. ಸ್ಟೇಬಲ್ ಇದ್ದಾವ್ರು ಹೆಂಗ ಹೋಗ್ತಾರ್ರೀ? ಎಸ್‌ಪಿಬಿ ಅವ್ರಿಗೆ ಚೆನ್ನೈದಾಗ ಎಂಥೆಂಥಾ ಡಾಕ್ಟರ್ ಇದ್ರು, ಒಂದ್ ತಿಂಗಳ ಮ್ಯಾಲ ಅದರ ಮ್ಯಾಲ ಇದ್ರು, ಆದ್ರೂ ಆಗ್ಲಿಲ್ಲ. ರೊಕ್ಕಾ ಇದ್ದಾವ್ರಿಗೇ ಆಗಲಾರದ್ದು ನಮ್ಮಂಥಾವ್ರಿಗೆ ಹೆಂಗ ಆಗ್ತೈತಿ. ನಿಮ್ಮ ದೊಡ್ಡಪ್ಪ ಹೇಳಿದ್ದರಾಗ ಅರ್ಥ ಐತಿ, ಒಂದ್ ಸಲ ಕುಂತು ವಿಚಾರ ಮಾಡ್ರಿ. ದೇವ್ರು ಒಳ್ಳೇದ್ ಮಾಡ್ಲಿ.

ಐಸಿಯು_ಡಾಕ್ಟರ್_ಮೈಸೂರು

ನಾನು ಕ್ರಿಟಿಕಲ್ ಕೇರ್ ಡಾಕ್ಟರ್. ಪೇಷೆಂಟ್ ನೋಡದೆ ಚಿಕಿತ್ಸೆ ಹೇಳಕ್ಕಾಗಲ್ಲ, ಆದ್ರೆ ನೀವು ಕೊಟ್ಟಿರೋ ನಂಬರ್ ನೋಡಿ ಸುಮ್ನೆ ಇರೋಕೂ ಆಗ್ತಿಲ್ಲ.

ಹುಬ್ಬಳ್ಳಿ ಅಣ್ಣ, ನಿಮ್ಮ ಮನೇಲಿ ಆಗಿದ್ದಕ್ಕೆ ನಿಜವಾಗ್ಲೂ ಬೇಜಾರಾಗತ್ತೆ, ಸ್ಟೇಬಲ್ ಅನ್ನೋ ಒಂದೇ ಪದದಲ್ಲಿ 23 ದಿನ ತಳ್ಳಿದ್ದು ದೊಡ್ಡ ತಪ್ಪು, ಅದನ್ನ ನಮ್ಮ ಕಡೆಯವರು ಒಪ್ಕೋಬೇಕು. ಆದ್ರೆ ಮೂರು ಕೇಸನ್ನೂ ಒಂದೇ ತಕ್ಕಡೀಲಿ ಹಾಕೋದು ಸರಿಯಲ್ಲ. ಜಯಲಲಿತಾ ಅವರಿಗೆ ಎರಡು ತಿಂಗಳ ಮೇಲೆ ಆಸ್ಪತ್ರೇಲಿ ಇದ್ದು 2016 ಡಿಸೆಂಬರ್ 4ಕ್ಕೆ ಹೃದಯ ನಿಂತಾಗ ಹಾಕಿದ್ದು, ಮಾರನೇ ದಿನ ತೀರ್ಕೊಂಡ್ರು. ಎಸ್‌ಪಿಬಿ ಅವರಿಗೆ 74 ವರ್ಷ, ಕೋವಿಡ್ ಶ್ವಾಸಕೋಶ. ಇಲ್ಲಿರೋದು 41 ವರ್ಷ, ಬೇರೆ ಕಾಯಿಲೆ ಇಲ್ಲ, ಎಚ್1ಎನ್1, ವೆಂಟಿಲೇಟರ್ ನಾಲ್ಕನೇ ದಿನ, ಒಂದೇ ಅಂಗ ಕೆಟ್ಟಿರೋದು. ಎಕ್ಮೋಗೆ ಇಂಥವರೇ ಸರಿಯಾದ ಪೇಷೆಂಟ್.

ಲೆಕ್ಕ ಹೇಗೆ ಅಂದ್ರೆ ಎಬಿಜೀಲಿ ಬಂದ ಆಕ್ಸಿಜನ್ ನಂಬರನ್ನ ಕೊಡ್ತಿರೋ ಆಕ್ಸಿಜನ್ ಪ್ರಮಾಣದಿಂದ ಭಾಗಿಸ್ತೀವಿ. ನೂರು ಪರ್ಸೆಂಟ್ ಅಂದ್ರೆ ಒಂದು, 68 ಬೈ 1, ಅಂದ್ರೆ 68. ಆರೋಗ್ಯವಂತರಿಗೆ 400ರ ಮೇಲಿರತ್ತೆ. ಈ ನಂಬರ್ 80ಕ್ಕಿಂತ ಕೆಳಗೆ ಆರು ಗಂಟೆ ಮೀರಿ ನಿಂತ್ರೆ, ಅಥವಾ 50ಕ್ಕಿಂತ ಕೆಳಗೆ ಮೂರು ಗಂಟೆ ಮೀರಿ ನಿಂತ್ರೆ ಎಕ್ಮೋ ಯೋಚ್ನೆ ಮಾಡ್ಬೇಕು ಅನ್ನೋದು ಎಲ್ಲಾ ಕಡೆ ಬಳಸೋ ಅಳತೆ. ಆದ್ರೆ ಅದಕ್ಕೊಂದು ಷರತ್ತಿದೆ, ಬೇರೆ ಎಲ್ಲಾ ಮಾಡಿ ನೋಡಿರ್ಬೇಕು. ಅದ್ರಲ್ಲಿ ಮುಖ್ಯವಾದ್ದು ಪಂಪ್ ಪಕ್ಕದವರು ಕೇಳಿದ್ದೇ, ಮಕಾಡೆ ಮಲಗಿಸೋದು. ಬೆನ್ನಿನ ಕಡೆ ಶ್ವಾಸಕೋಶ ಭಾರಕ್ಕೆ ಮುಚ್ಕೊಂಡಿರತ್ತೆ, ಬೋರಲು ಹಾಕಿದ್ರೆ ತೆರ್ಕೊಳ್ಳತ್ತೆ. 2013ರ ಫ್ರೆಂಚರ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 16 ಗಂಟೆ ಮಕಾಡೆ ಮಲಗಿಸಿದವರಲ್ಲಿ 28 ದಿನದ ಒಳಗೆ ತೀರ್ಕೊಂಡೋರು 16 ಪರ್ಸೆಂಟ್, ಮಲಗಿಸದೇ ಇದ್ದವರಲ್ಲಿ 33 ಹತ್ರ. ಅರ್ಧಕ್ಕರ್ಧ. ಇದಕ್ಕೆ ಮಷೀನ್ ಬೇಡ, ಲಕ್ಷ ಬೇಡ, ಐದಾರು ಜನ ಸೇರಿ ಹುಷಾರಾಗಿ ತಿರುಗಿಸ್ಬೇಕು ಅಷ್ಟೆ. ಇದನ್ನ ಮಾಡದೇ ಎಕ್ಮೋ ಮಾತು ಬಂದಿದ್ರೆ ಈಗಲೇ ಹೋಗಿ ಕೇಳಿ.

ಎಕ್ಮೋ ಎಷ್ಟು ಉಪಯೋಗ ಅನ್ನೋದಕ್ಕೆ ನಿಮ್ಗೆ ಪ್ರಾಮಾಣಿಕವಾಗಿ ಹೇಳ್ಬೇಕು. 1979ರಲ್ಲಿ ಅಮೆರಿಕದ ಮೊದಲ ದೊಡ್ಡ ಪ್ರಯೋಗದಲ್ಲಿ ಹಾಕಿದವರು ಹಾಕದವರು ಎರಡೂ ಗುಂಪಲ್ಲಿ ನೂರಕ್ಕೆ ಹತ್ತು ಜನ ಕೂಡ ಉಳೀಲಿಲ್ಲ, ಅಲ್ಲಿಂದ ದೊಡ್ಡವರಿಗೆ ಎಕ್ಮೋ ಅಂದ್ರೆ ಬಹಳಷ್ಟು ಕಡೆ ಕೈಬಿಟ್ಟೇಬಿಟ್ರು, ನವಜಾತ ಶಿಶುಗಳಲ್ಲಿ ಮಾತ್ರ ಮುಂದುವರೀತು. 2009ರಲ್ಲಿ ಇಂಗ್ಲೆಂಡಿನ ಅಧ್ಯಯನ ಬಂತು, 180 ಪೇಷೆಂಟು, ಲೆಸ್ಟರ್‌ನ ಗ್ಲೆನ್‌ಫೀಲ್ಡ್ ಆಸ್ಪತ್ರೆಗೆ ಕಳಿಸಿದವರಲ್ಲಿ ಆರು ತಿಂಗಳಿಗೆ ಬದುಕಿದ್ದು ತಮ್ಮ ಕೆಲ್ಸ ತಾವೇ ಮಾಡ್ಕೊಳ್ಳೋ ಸ್ಥಿತೀಲಿ ಇದ್ದವರು 63 ಪರ್ಸೆಂಟ್, ಇದ್ದಲ್ಲೇ ಉಳಿದವರಲ್ಲಿ 47. ಇದರಲ್ಲಿ ನಿಮಗೆ ಬೇಕಾದ ಒಂದು ವಿಷ್ಯ ಅಡಗಿದೆ, ಅಲ್ಲಿಗೆ ಅಂತ ಆರಿಸಿದ 90 ಜನರಲ್ಲಿ ನಿಜವಾಗಿ ಎಕ್ಮೋ ಹಾಕಿದ್ದು 68 ಜನಕ್ಕೆ ಮಾತ್ರ. ಕೆಲವರು ದಾರೀಲೇ ಅಥವಾ ಹೊರಡೋ ಮೊದಲೇ ತೀರ್ಕೊಂಡ್ರು, ಇನ್ನೂ ಹಲವರು ಆ ಅನುಭವಿ ಕೈಗೆ ಸಿಕ್ಕಿ ಮಷೀನ್ ಇಲ್ಲದೆಯೇ ಸುಧಾರಿಸಿದ್ರು. ಅದಾದ್ಮೇಲೆ 2018ರ ಅಧ್ಯಯನ, 249 ಜನ, 60 ದಿನಕ್ಕೆ ಸಾವು ಎಕ್ಮೋ ಗುಂಪಲ್ಲಿ 35 ಪರ್ಸೆಂಟ್, ಇನ್ನೊಂದರಲ್ಲಿ 46. ಅಂಕಿಅಂಶದ ಲೆಕ್ಕದಲ್ಲಿ ಈ ವ್ಯತ್ಯಾಸ ಗಟ್ಟಿಯಾಗಿ ಸಾಬೀತಾಗಲಿಲ್ಲ, ಅದಕ್ಕೆ ಒಂದು ಕಾರಣ ಅಂದ್ರೆ ಹಾಕಬಾರದು ಅಂತಿದ್ದ ಗುಂಪಲ್ಲೂ ನೂರಕ್ಕೆ 28 ಜನಕ್ಕೆ ಪ್ರಾಣ ಹೋಗೋ ಸ್ಥಿತೀಲಿ ಕೊನೆಗೆ ಹಾಕಿದ್ರು, ಹಾಗೆ ತಡವಾಗಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೀರ್ಕೊಂಡ್ರು.

ಇದರಿಂದ ನಾನು ತಿಳ್ಕೊಂಡಿದ್ದು, ಹಾಕೋದಾದ್ರೆ ಬೇಗ ಹಾಕ್ಬೇಕು. ನಿಮ್ಮ ದೊಡ್ಡಪ್ಪ ಹೇಳ್ದಂಗೆ ಕೊನೇಲಿ ಹಾಕೋ ಮಷೀನ್ ಅಂತ ಇಟ್ಕೊಂಡ್ರೆ ಕೊನೆಯೇ ಆಗತ್ತೆ. ವೆಂಟಿಲೇಟರ್ ಮೇಲೆ ಏಳು ದಿನ ದಾಟಿದ್ಮೇಲೆ ಲಾಭ ಕಮ್ಮಿ ಆಗ್ತಾ ಹೋಗತ್ತೆ. ಹಾಗಾಗಿ ನನ್ನ ಅಭಿಪ್ರಾಯ, ಎಕ್ಮೋ ಹಾಕ್ಸೋದಾ ಬೇಡವಾ ಅಂತ ಇವತ್ತು ರಾತ್ರಿ ನೀವು ಮೆಟ್ಲ ಮೇಲೆ ಕೂತು ತೀರ್ಮಾನ ಮಾಡ್ಬೇಕಾಗಿಲ್ಲ. ಸಾಗಿಸೋಕೆ ಆಗೋ ಸ್ಥಿತೀಲಿ ಇರೋವಾಗಲೇ ಒಳ್ಳೇ ಅನುಭವ ಇರೋ ಕಡೆಗೆ ಕರ್ಕೊಂಡು ಹೋಗೋದಾ ಅನ್ನೋದಷ್ಟೇ ಇವತ್ತಿನ ತೀರ್ಮಾನ. ಹಾಕೋದು ಬಿಡೋದು ಅಲ್ಲಿನ ತಂಡ ಮೈ ಮುಟ್ಟಿ ನೋಡಿ ಹೇಳ್ತಾರೆ.

ಕಾಫಿತೋಟ_ಹಾಸನ

ಸರ್ ತುಂಬಾ ತುಂಬಾ ಥ್ಯಾಂಕ್ಸ್. ಈಗ ಹೋಗಿ ಕೇಳ್ದೆ. ಒಂದು ಸಲ ಮಕಾಡೆ ಹಾಕಿದ್ರಂತೆ, ನಾಲ್ಕು ಗಂಟೆ ಇಟ್ಟು ಬಿಪಿ ಇಳೀತು ಅಂತ ವಾಪಸ್ ತಿರುಗಿಸಿದ್ರಂತೆ. ಶಿಫ್ಟ್ ಮಾಡೋಣ ಅಂತ ಅಕ್ಕ ಸೈನ್ ಮಾಡಿದ್ಲು. ದೊಡ್ಡಪ್ಪಂಗೆ ನಿಮ್ಮ ಮೆಸೇಜ್ ಪೂರ್ತಿ ಓದಿ ಹೇಳ್ದೆ, ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಸೊಸೈಟೀಲಿ ತಮ್ಮ ಎಫ್‌ಡಿ ಇದೆ ಬೆಳಗ್ಗೆ ಮುರಿಸ್ತೀನಿ ಅಂದ್ರು. ಆಂಬುಲೆನ್ಸ್ ಬರ್ತಿದೆ.

ಸುಮಾ_ಅಪ್ಪನಮಗಳು

ಇವತ್ತು ಬೆಳಗ್ಗೆ ನೋಡ್ದೆ ಈ ಥ್ರೆಡ್. ಬರೀಬೇಕೋ ಬೇಡ್ವೋ ಅಂತ ಮಧ್ಯಾಹ್ನದವರೆಗೂ ಯೋಚಿಸಿ ಬರೀತಿದೀನಿ, ಹೆದರಿಸೋಕೆ ಅಲ್ಲ, ನಂಗೆ ಆಗ ಯಾರೂ ಹೇಳದೇ ಇದ್ದಿದ್ದು ನಿಮ್ಗೆ ಗೊತ್ತಿರ್ಲಿ ಅಂತ.

ನಮ್ಮಪ್ಪಂಗೆ 63, ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ಮೇಲೂ ಹೃದಯ ಎತ್ಕೊಳ್ಲಿಲ್ಲ, ಬಿಪಿ ಔಷಧಿ ಮೂರು ಥರ ಓಡ್ತಿತ್ತು. ಅವರಿಗೆ ಹಾಕಿದ್ದು ಇನ್ನೊಂದು ಥರದ ಎಕ್ಮೋ, ರಕ್ತನ ವಾಪಸ್ ಆರ್ಟರಿಗೇ ತಳ್ಳೋದು, ಹೃದಯದ ಕೆಲ್ಸನೂ ಅದೇ ಮಾಡತ್ತೆ. ವಿಎ ಅಂತಾರೆ. ತೊಡೆ ಆರ್ಟರಿಗೆ ಅಷ್ಟು ದಪ್ಪ ಪೈಪ್ ಹಾಕಿದ್ರೆ ಆ ಕಾಲಿಗೆ ರಕ್ತ ಹೋಗೋ ದಾರಿ ಮುಚ್ಚತ್ತೆ, ಅದಕ್ಕೆ ಕಾಲಿನ ಕಡೆಗೆ ಇನ್ನೊಂದು ಸಣ್ಣ ಪೈಪ್ ಹಾಕ್ತಾರೆ ಅಂತ ನಂಗೆ ಆಮೇಲೆ ಗೊತ್ತಾಯ್ತು. ಮೂರನೇ ದಿನ ನಾನು ಒಳಗೆ ಹೋದಾಗ ಅಪ್ಪನ ಎರಡೂ ಪಾದ ಮುಟ್ಟಿದೆ, ನಮಸ್ಕಾರ ಮಾಡೋಕೆ ಅಂತ. ಎಡಗಾಲು ಬೆಚ್ಚಗಿತ್ತು. ಬಲಗಾಲು ಕಲ್ಲಿನ ಥರ ತಣ್ಣಗೆ, ಬೆರಳು ನೀಲಿ. ನರ್ಸ್ ಕರೆದು ತೋರ್ಸಿದ್ಮೇಲೆ ಓಡಾಟ ಶುರುವಾಯ್ತು. ಆಸ್ಪತ್ರೆ ಹೆಸರು ಬೇಡ. ನಾನು ಹೇಳೋದು ಇಷ್ಟೆ, ಒಳಗೆ ಬಿಟ್ಟಾಗಲೆಲ್ಲ ಎರಡೂ ಕಾಲು ಮುಟ್ಟಿ ನೋಡಿ, ತಣ್ಣಗಿದ್ರೆ ಸಂಕೋಚ ಬೇಡ, ಕೇಳಿ.

ಐದನೇ ದಿನ ಕಿಡ್ನಿ, ಡಯಾಲಿಸಿಸ್. ಏಳನೇ ದಿನ ಕಣ್ಣಿನ ಪಾಪೆ ಒಂದು ದೊಡ್ಡದಾಗಿದೆ ಅಂತ ತಲೆ ಸ್ಕ್ಯಾನ್, ಮೆದುಳಲ್ಲಿ ದೊಡ್ಡ ರಕ್ತಸ್ರಾವ. ಅಷ್ಟಾದ್ಮೇಲೂ ಎರಡು ದಿನ ಪಂಪ್ ತಿರುಗ್ತಾನೇ ಇತ್ತು, ಅಪ್ಪನ ಎದೆ ಬೆಚ್ಚಗೆ, ಮುಖದ ಬಣ್ಣ ಮೊದಲಿಗಿಂತ ಚೆನ್ನಾಗಿತ್ತು. ಅಮ್ಮ ಅದನ್ನ ನೋಡಿ ಸುಧಾರಿಸ್ತಿದಾರೆ ಅಂತ ಎಲ್ಲರಿಗೂ ಫೋನ್ ಮಾಡಿದ್ಲು. ನಿಲ್ಲಿಸಿ ಅಂತ ನಾವು ಹೇಳ್ಬೇಕಾ ಅವ್ರು ಹೇಳ್ಬೇಕಾ ಯಾರಿಗೂ ಗೊತ್ತಿಲ್ಲ, ಕಾನೂನು ಏನನ್ನತ್ತೋ ಅಂತ ಅವ್ರಿಗೂ ಭಯ. ಒಂಬತ್ತನೇ ದಿನ ಅಪ್ಪ ಹೋದ್ರು.

ವಾಸಿಯಾಗೋ ಆಸೆ ಇಲ್ಲದಾಗ ಮಷೀನ್ ನಿಲ್ಲಿಸೋದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲೇ ದಾರಿ ಹೇಳಿತ್ತು, 2023ರಲ್ಲಿ ಸುಲಭ ಮಾಡ್ತು, ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರೀಲಿ ಆದೇಶ ಮಾಡಿದೆ. ಮೂವರು ಡಾಕ್ಟರ್‌ಗಳ ಒಂದು ಬೋರ್ಡು ನೋಡ್ಬೇಕು, ಇನ್ನೊಂದು ಬೋರ್ಡು ಒಪ್ಬೇಕು, ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟ್‌ಗೆ ತಿಳಿಸ್ಬೇಕು. ನಿಮಗೆ ಇದರ ಅಗತ್ಯ ಬಾರದೇ ಇರ್ಲಿ ಅಂತ ಮನಸಾರೆ ಕೇಳ್ಕೋತೀನಿ. ಆದ್ರೆ ಹಾಕೋ ದಿನವೇ ಒಂದು ಪ್ರಶ್ನೆ ಕೇಳಿ, ಇದನ್ನ ಹಾಕಿ ನಾವು ಏನು ಆಗ್ಲಿ ಅಂತ ಕಾಯ್ತಿದೀವಿ, ಅದು ಆಗ್ತಿದ್ಯಾ ಇಲ್ವಾ ಅಂತ ಯಾವ ದಿನ ಕೂತು ನೋಡೋಣ? ನಾನು ಇದೊಂದು ಕೇಳಿದ್ದಿದ್ರೆ ಕೊನೆಯ ಎರಡು ದಿನ ಅಮ್ಮಂಗೆ ಆ ಆಸೆ ಹುಟ್ತಿರ್ಲಿಲ್ಲ.

ಐಸಿಯು_ಡಾಕ್ಟರ್_ಮೈಸೂರು

ಸುಮಾ ಅವರೇ, ಬರೆದಿದ್ದಕ್ಕೆ ನಮಸ್ಕಾರ. ನಿಮ್ಮ ಪ್ರಶ್ನೆನ ನಾನು ನಮ್ಮ ಜೂನಿಯರ್‌ಗಳಿಗೆ ಓದಿ ಹೇಳಿದೆ. ಹಾರ್ಟ್ ಅಟ್ಯಾಕ್ ಆಗಿ ಬಿಪಿ ಬಿದ್ದವರಿಗೆ ಎಲ್ಲರಿಗೂ ವಿಎ ಹಾಕಿದ್ರೆ ಏನಾಗತ್ತೆ ಅಂತ 2023ರಲ್ಲಿ ಜರ್ಮನಿ ಸ್ಲೊವೇನಿಯಾದಲ್ಲಿ ನೋಡಿದ್ರು, 30 ದಿನದ ಸಾವು ಹಾಕಿದವರಲ್ಲಿ ಸುಮಾರು 48, ಹಾಕದವರಲ್ಲಿ 49 ಪರ್ಸೆಂಟ್, ರಕ್ತಸ್ರಾವ ಮತ್ತು ಕಾಲಿನ ತೊಂದರೆ ಮಾತ್ರ ಹಾಕಿದವರಲ್ಲೇ ಜಾಸ್ತಿ. ಅಂದ್ರೆ ನಿಮ್ಮಪ್ಪಂಗೆ ಆಗಿದ್ದು ನೀವು ತಪ್ಪು ತೀರ್ಮಾನ ತಗೊಂಡಿದ್ದಕ್ಕೆ ಅಲ್ಲ. ಹಾಕದೇ ಇದ್ದಿದ್ರೆ ಉಳೀತಿದ್ರು ಅಂತಾನೂ ಇಲ್ಲ, ಅದನ್ನ ಮನಸ್ಸಿಂದ ತೆಗೆದುಬಿಡಿ. ಮಯೋಕಾರ್ಡೈಟಿಸ್, ಅಂದ್ರೆ ಹೃದಯದ ಸ್ನಾಯು ಉರಿಯೂತ, ಆ ಥರ ವಾಪಸ್ ಬರೋ ಹೃದಯಕ್ಕೆ, ಟ್ರಾನ್ಸ್‌ಪ್ಲಾಂಟ್‌ಗೆ ಕಾಯೋರಿಗೆ ಅದೇ ಮಷೀನು ಬೇರೆ ಫಲ ಕೊಡತ್ತೆ.

ಕಾಫಿತೋಟ_ಹಾಸನ

ಆರು ದಿನ ಆಯ್ತು, ಬರೆಯೋಕೆ ಆಗಿರ್ಲಿಲ್ಲ. ಶಿಫ್ಟ್ ಮಾಡಿದ ರಾತ್ರೀನೇ ಅಲ್ಲಿ ಮತ್ತೆ ಮಕಾಡೆ ಹಾಕಿದ್ರು, ಬಿಪಿ ಔಷಧಿ ಏರಿಸ್ಕೊಂಡು 17 ಗಂಟೆ ಇಟ್ರು. 68 ಇದ್ದಿದ್ದು 104ಕ್ಕೆ ಬಂತು, ನಾವೆಲ್ಲ ಬೇಡವಾಯ್ತು ಅನ್ಕೊಂಡ್ವಿ. ಮಾರನೇ ರಾತ್ರಿ ತಿರುಗಿಸಿದ್ಮೇಲೆ 59. ಬೆಳಗಿನ ಜಾವ ನಾಲ್ಕಕ್ಕೆ ಎಕ್ಮೋ ಹಾಕಿದ್ರು.

ಸುಮಾ ಅಕ್ಕ, ನಿಮ್ಮ ಪ್ರಶ್ನೆನ ಚೀಟೀಲಿ ಬರ್ಕೊಂಡು ಹೋಗಿ ಓದ್ದೆ. ಆ ಡಾಕ್ಟ್ರು ಕುರ್ಚಿ ಎಳ್ಕೊಂಡು ಕೂತು ಉತ್ತರ ಹೇಳಿದ್ರು. ಶ್ವಾಸಕೋಶ ಮೆತ್ತಗಾಗೋದಕ್ಕೆ ಕಾಯ್ತಿದೀವಿ, ಅದೇ ಒತ್ತಡಕ್ಕೆ ಎಷ್ಟು ಎಂಎಲ್ ಗಾಳಿ ಒಳಗೆ ಹೋಗತ್ತೆ ಅಂತ ದಿನಾ ನಿಮಗೆ ಹೇಳ್ತೀವಿ, ಹತ್ತನೇ ದಿನ ಎಲ್ಲರೂ ಕೂತು ನೋಡೋಣ, ಮಧ್ಯದಲ್ಲಿ ಮೆದುಳಿಗೆ ಏನಾದ್ರೂ ಆದ್ರೆ ಅವತ್ತೇ ಹೇಳ್ತೀವಿ, ಮುಚ್ಚಿಡಲ್ಲ ಅಂದ್ರು. ಹಾಕಿದ ದಿನ 80 ಎಂಎಲ್ ಇತ್ತು. ಆಮೇಲೆ 70. 95. ನಿನ್ನೆ 130. ಇವತ್ತು ಬೆಳಗ್ಗೆ 190. ಅಕ್ಕ ಈ ನಂಬರುಗಳನ್ನ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರ್ಕೋತಿದಾಳೆ.

ದಿನಾ ಎರಡೂ ಪಾದ ಮುಟ್ಟಿ ನೋಡ್ತೀವಿ. ಬೆಚ್ಚಗಿದೆ. ದುಡ್ಡು ದೊಡ್ಡಪ್ಪನ ಎಫ್‌ಡಿ, ಊರವರು ಸೇರ್ಸಿದ್ದು, ಮುಖ್ಯಮಂತ್ರಿ ಪರಿಹಾರ ನಿಧಿಗೆ ಎಸ್ಟಿಮೇಟ್ ಇಟ್ಟು ಅರ್ಜಿ ಹಾಕಿದೀವಿ, ಇನ್ನೂ ಬಂದಿಲ್ಲ. ಇವತ್ತಿನ ತೊಂದರೆ ಅಂದ್ರೆ ಮೂಗಿಂದ ರಕ್ತ ನಿಲ್ತಿಲ್ಲ, ಪ್ಲೇಟ್ಲೆಟ್ 38 ಸಾವಿರಕ್ಕೆ ಇಳಿದಿದೆ, ಹೆಪಾರಿನ್ ನಿಲ್ಸಿದಾರೆ. ಹೆಪಾರಿನ್ ನಿಲ್ಸಿದ್ರೆ ಮಷೀನಲ್ಲಿ ಗಡ್ಡೆ ಕಟ್ಟಲ್ವಾ ಅಂತ ಭಯ.

ಕಡಲತಡಿ_ನರ್ಸ್

ನಾನು ಉಡುಪಿ ಕಡೆಯವಳು, ಇಂಗ್ಲೆಂಡಲ್ಲಿ ಎಕ್ಮೋ ನರ್ಸ್ ಆಗಿ ಕೆಲಸ. ಭಯ ಪಡ್ಬೇಡಿ ಮಾರಾಯ್ರೆ, ಶ್ವಾಸಕೋಶದ ಎಕ್ಮೋದಲ್ಲಿ ಪಂಪ್ ವೇಗ ಚೆನ್ನಾಗಿದ್ರೆ ರಕ್ತಸ್ರಾವ ನಿಲ್ಲುವವರೆಗೆ ಹೆಪಾರಿನ್ ಇಲ್ಲದೆ ನಡೆಸುವುದುಂಟು, ನಾವೂ ಮಾಡ್ತೇವೆ. ಗಡ್ಡೆ ಕಟ್ಟಿದ್ರೂ ಆಕ್ಸಿಜನೇಟರ್ ಬದಲಾಯಿಸ್ಬಹುದು, ಮೆದುಳಲ್ಲಿ ರಕ್ತ ಸೋರಿದ್ರೆ ಬದಲಾಯಿಸ್ಲಿಕ್ಕೆ ಇನ್ನೊಂದು ಮೆದುಳಿಲ್ಲ. ಅವರು ಮಾಡಿದ್ದು ಸರಿ.

ಇಲ್ಲಿ ಇಡೀ ದೇಶಕ್ಕೆ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ ಮಾತ್ರ ದೊಡ್ಡವರ ಶ್ವಾಸಕೋಶದ ಎಕ್ಮೋ. ಬೇರೆ ಊರಲ್ಲಿ ಪೇಷೆಂಟ್ ಇದ್ರೆ ನಮ್ಮ ತಂಡವೇ ಅಲ್ಲಿಗೆ ಹೋಗಿ ಪೈಪ್ ಹಾಕಿ ಮಷೀನ್ ಸಮೇತ ಕರ್ಕೊಂಡು ಬರ್ತದೆ, ಮನೆಯವರಿಂದ ಬಿಲ್ ಕೇಳುವವರಿಲ್ಲ. ನಿಮ್ಮಕ್ಕ ಹಾಲಿನ ಪುಸ್ತಕದಲ್ಲಿ ಬರೀತಾರೆ ಅಂತ ಓದಿ ನನಗೆ ಕಣ್ಣು ತುಂಬಿತು, ನಾವು ಇಲ್ಲಿ ಪ್ರತಿ ಪೇಷೆಂಟಿಗೂ ಒಂದು ಡೈರಿ ಇಡ್ತೇವೆ, ಇವತ್ತು ನಿಮ್ಮ ಮಗಳು ಬಂದಿದ್ದಳು, ಇವತ್ತು ಕಣ್ಣು ಬಿಟ್ಟಿರಿ ಅಂತ. ನಂಬರ್ ಜೊತೆ ಅದನ್ನೂ ಬರೀಲಿಕ್ಕೆ ಹೇಳಿ. ಎದ್ದ ಮೇಲೆ ಅವರಿಗೆ ವಾರಗಟ್ಟಲೆ ಏನೂ ನೆನಪಿರುವುದಿಲ್ಲ, ಇಲ್ಲಾಂದ್ರೆ ಕೆಟ್ಟ ಕನಸು ಮಾತ್ರ ನೆನಪಿರ್ತದೆ, ಯಾರೋ ಕಟ್ಟಿ ಹಾಕಿದ್ರು, ಮುಳುಗಿಸಿದ್ರು ಅಂತ. ಆಗ ಆ ಪುಸ್ತಕ ಓದಿ ಹೇಳ್ಬೇಕು. ಸ್ನಾಯು ಕರಗಿ ಹೋಗಿರ್ತದೆ, ಚಮಚ ಎತ್ತಲಿಕ್ಕೂ ಕಷ್ಟ, ನಡೆಯುವುದು ಮತ್ತೆ ಮೊದಲಿನಿಂದ ಕಲಿಯಬೇಕು, ತಿಂಗಳುಗಳೇ ಹಿಡೀತದೆ. ಮಲಗಿರುವಾಗಲೇ ಕೈಕಾಲು ಆಡಿಸುವ ಫಿಸಿಯೋ ದಿನಾ ಆಗ್ತಿದೆಯಾ ಕೇಳಿ.

ಹುಬ್ಬಳ್ಳಿ_ಅಣ್ಣ

190 ಅಂದ್ರ ಭಾಳ ಛಲೋ ಆತ್ರಿ. ನಾ ಅವತ್ತ ಹಂಗ ಬರೀಬಾರ್ದಿತ್ತು ಅನಸ್ತೈತಿ, ನಮ್ಮ ಕಾಕಾಂದು ಇನ್ನಾ ಮನಸಿನಾಗ ಹಸಿ ಐತಿ. ನಮಗ ಇಂಥಾ ನಂಬರ್ ಯಾರೂ ಹೇಳಿದ್ದಿಲ್ಲ. ದಿನಾ ಇಲ್ಲಿ ಬರೀರಿ, ನಾ ನೋಡ್ತಿರ್ತೀನಿ.

ಪಂಪ್_ಪಕ್ಕ

ನಂಬರ್ ನೋಡಿ ಖುಷಿಯಾಯ್ತು, ಆದ್ರೂ ಒಂದೊಂದು ದಿನ ಹಿಂದೆ ಬರತ್ತೆ, ಹೆದರ್ಬೇಡಿ. 300 ದಾಟಿದ್ಮೇಲೆ ಮಷೀನಿಗೆ ಕೊಡೋ ಆಕ್ಸಿಜನ್ ಗಾಳಿನ ಮೆಲ್ಲಗೆ ಇಳಿಸ್ತಾ ಬಂದು ಒಂದು ದಿನ ಪೂರ್ತಿ ನಿಲ್ಲಿಸಿ ನೋಡ್ತಾರೆ. ರಕ್ತ ಸುತ್ತು ಹೊಡೀತಾನೇ ಇರತ್ತೆ, ಆದ್ರೆ ಮಷೀನ್ ಏನೂ ಮಾಡ್ತಿರಲ್ಲ, ಅವತ್ತು ಎರಡು ಪೈಪೂ ಒಂದೇ ಬಣ್ಣ ಕಾಣತ್ತೆ. ನಾನು ಮೊದ್ಲು ಗಾಬರಿ ಅಂತ ಹೇಳಿದ್ನಲ್ಲ, ಆ ದಿನ ಮಾತ್ರ ಅದು ಗಾಬರಿ ಅಲ್ಲ.

ಪ್ಲೇಟ್ಲೆಟ್‌ಗೆ ಡೋನರ್ ಕೇಳಿದಾರಾ? ಅಫೆರೆಸಿಸ್ ಡೋನರ್, ಅಂದ್ರೆ ಮಷೀನಲ್ಲಿ ಪ್ಲೇಟ್ಲೆಟ್ ಮಾತ್ರ ತೆಗೆಸ್ಕೊಳ್ಳೋರು, ಆದ್ರೆ ಒಬ್ಬರಿಂದಲೇ ಒಳ್ಳೇ ಪ್ರಮಾಣ ಸಿಗತ್ತೆ. ನಂದು ಬಿ ಪಾಸಿಟಿವ್, ಹೋದ ಸಲ ಕೊಟ್ಟು ಮೂರು ತಿಂಗಳ ಮೇಲಾಗಿದೆ. ನಿಮ್ಮ ಭಾವಂದು ಯಾವ ಗ್ರೂಪು?

ಕಾಫಿತೋಟ_ಹಾಸನ

ಬಿ ಪಾಸಿಟಿವ್ ಅಣ್ಣ.

ಪಂಪ್_ಪಕ್ಕ

ಆಸ್ಪತ್ರೆ ಯಾವ್ದು ಅಂತ ಪರ್ಸನಲ್ ಮೆಸೇಜ್ ಮಾಡಿ. ನೈಟ್ ಡ್ಯೂಟಿ ಏಳೂವರೆಗೆ ಮುಗಿಯತ್ತೆ, ತಿಂಡಿ ತಿಂದ್ಕೊಂಡು ಒಂಬತ್ತಕ್ಕೆ ಬ್ಲಡ್ ಬ್ಯಾಂಕ್ ಹತ್ರ ಇರ್ತೀನಿ.